ದುಡ್ಡಿತ್ತು, ಜಾಗವಿತ್ತು. ಆದರೂ ಜಾರ್ಜ್ ಯಾಕೆ ಕೊಳ್ಳಲಿಲ್ಲ?

ಮಳೆಗಾಲದ ಓದುಗ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್‌ನ 'ಆಫ್ ಮೈಸ್ ಅಂಡ್ ಮೆನ್' ಮೂರನೇ ಸಲ ಓದಿ ಮುಗಿಸಿದೆ. ಹಿಂದಿನ ಎರಡು ಸಲ ಕಣ್ಣೀರು ಹಾಕಿದ್ದೆ. ಈ ಸಲ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ನಾನು ಅಕೌಂಟ್ಸ್‌ನವನು, ಚಟ ಬಿಡಲ್ಲ.

ಓದದೇ ಇದ್ದವರಿಗೆ ಚಿಕ್ಕದಾಗಿ ಹೇಳ್ತೀನಿ. ಕ್ಯಾಲಿಫೋರ್ನಿಯಾದ ಸಾಲಿನಾಸ್ ಕಣಿವೆ. ಜಾರ್ಜ್, ಲೆನ್ನಿ ಇಬ್ಬರು ಊರೂರು ಅಲೆಯುವ ಕೂಲಿಗಳು. ಹೆಗಲ ಮೇಲೊಂದು ಗಂಟು, ಅದೇ ಅವರ ಆಸ್ತಿ. ಲೆನ್ನಿಗೆ ಆನೆ ಬಲ, ಮಗುವಿನ ಬುದ್ಧಿ. ಹತ್ತು ಎಕರೆ ಜಾಗ ಕೊಂಡು, ಕೋಳಿ ಮೊಲ ಸಾಕಿಕೊಂಡು, ಯಾರ ಕೈಕೆಳಗೂ ಇಲ್ಲದೆ ಇರಬೇಕು ಅನ್ನೋದು ಕನಸು.

ಈಗ ಲೆಕ್ಕ. ಜಾಗದ ಬೆಲೆ 600 ಡಾಲರ್. ಕೆಲಸಕ್ಕೆ ಸೇರಿದ ದೊಡ್ಡ ಜಮೀನಿಗೆ, ಅಂದ್ರೆ ರ‍್ಯಾಂಚಿಗೆ ಬಂದಾಗ ಇವರ ಹತ್ತಿರ ಇದ್ದದ್ದು ಇಬ್ಬರದೂ ಸೇರಿ 10 ಡಾಲರ್. ಸಂಬಳ ತಿಂಗಳಿಗೆ ತಲಾ 50. ಅಲ್ಲಿ ಕಸ ಗುಡಿಸುವ ಮುದುಕ ಕ್ಯಾಂಡಿ, ಅಲ್ಲೇ ಕೆಲಸದಲ್ಲಿ ಒಂದು ಕೈ ಕಳಕೊಂಡವನು. ಅದಕ್ಕೆ ಕೊಟ್ಟ ಪರಿಹಾರ 250, ಉಳಿಸಿದ್ದು 50, ಒಟ್ಟು 300 ಬ್ಯಾಂಕಿನಲ್ಲಿದೆ. ತಿಂಗಳ ಕೊನೆಗೆ ಇನ್ನೊಂದು 50. ಮೂವರದೂ ಕೂಡಿದರೆ ಒಂದೇ ತಿಂಗಳಲ್ಲಿ 450. ಜಾಗದ ಯಜಮಾನರು ಕೈ ಖಾಲಿಯಾದ ಮುದುಕ ಮುದುಕಿ, ಅಜ್ಜಿಗೆ ಆಪರೇಷನ್ ಆಗಬೇಕು. ಅಷ್ಟಕ್ಕೇ ಒಪ್ಪಿಸಬಹುದು ಅಂತ ಜಾರ್ಜೇ ಹೇಳ್ತಾನೆ.

ಕೊನೆಗೆ ಬಾಸ್‌ನ ಮಗ ಕರ್ಲಿಯ ಹೆಂಡತಿ ಲೆನ್ನಿಯ ಕೈಯಲ್ಲಿ, ಅವನು ಬೇಕಂತ ಮಾಡದಿದ್ದರೂ, ಸಾಯ್ತಾಳೆ. ಜನ ಅವನನ್ನು ಹುಡುಕಿ ಹೊರಡ್ತಾರೆ, ಅವರ ಕೈಗೆ ಸಿಗುವ ಮೊದಲು ಜಾರ್ಜೇ ಅವನನ್ನು ಕೊಲ್ತಾನೆ. ಆದರೆ ಲೆನ್ನಿ ಇಲ್ಲದಿದ್ದರೂ ಕ್ಯಾಂಡಿ ಮತ್ತು ಜಾರ್ಜ್ ಸೇರಿದರೆ 400 ಆಗುತ್ತೆ. ಐವತ್ತು ಡಾಲರ್ ಕಮ್ಮಿ, ಅಂದ್ರೆ ಒಬ್ಬನ ಇನ್ನೊಂದು ತಿಂಗಳ ಸಂಬಳ. ಕ್ಯಾಂಡಿ ಬಾಯಿಬಿಟ್ಟು ಕೇಳ್ತಾನೆ, ನಾವಿಬ್ಬರೇ ಕೊಳ್ಳೋಣವಾ ಅಂತ. ಜಾರ್ಜ್ ಒಪ್ಪಲ್ಲ. ತಿಂಗಳ ಸಂಬಳ ತಗೊಂಡು ಸೂಳೆಮನೆಯಲ್ಲಿ ರಾತ್ರಿ ಕಳೀತೀನಿ ಅನ್ನುವ ಥರ ಮಾತಾಡ್ತಾನೆ.

ಬಡತನ ಕನಸನ್ನು ಮುರಿಯಿತು ಅಂತ ಎಲ್ಲಾ ಕಡೆ ಬರೀತಾರೆ. ಲೆಕ್ಕ ಹಾಗೆ ಹೇಳಲ್ಲ. ಹಾಗಾದರೆ ಮುರಿದದ್ದು ಯಾವುದು?

ಬಾಳೆಕಾಯಿ ಬಜ್ಜಿ

ಅಯ್ಯೋ, ಕತೆ ಎಲ್ಲಾ ಹೇಳಿಬಿಟ್ರಲ್ಲ ಸರ್! ಮೊನ್ನೆ ತಾನೇ ತರಿಸಿದ್ದೆ.

ಗಾಂಧಿಬಜಾರ್ ಗಿರಾಕಿ

@ಬಾಳೆಕಾಯಿ ಬಜ್ಜಿ, ಪುಸ್ತಕ ಬಂದದ್ದು 1937ರಲ್ಲಿ. ಇಷ್ಟು ವರ್ಷ ಗುಟ್ಟು ಕಾಪಾಡಿದ್ದೇ ದೊಡ್ಡದು.

ಮೂಲ ಪ್ರಶ್ನೆಗೆ ಉತ್ತರ ಸುಲಭ. ಇದು ಡಸ್ಟ್ ಬೌಲ್, ಅಂದ್ರೆ 1930ರ ದಶಕದ ಅಮೆರಿಕದ ಧೂಳುಗಾಳಿ ಬರಗಾಲದ ಕತೆ. ಬರ ಬಂತು, ಜನ ಊರು ಬಿಟ್ಟರು, ಕೂಲಿ ಕುಸಿಯಿತು. ಅಂಥ ಕಾಲದಲ್ಲಿ ಯಾರೂ ಜಮೀನು ಕೊಳ್ಳೋಕೆ ಆಗ್ತಿರಲಿಲ್ಲ.

ಇಂಗ್ಲಿಷ್ ಮೇಷ್ಟ್ರು

ತಪ್ಪು. ನೀವು ಹೇಳ್ತಿರೋದು 1939ರ 'ದಿ ಗ್ರೇಪ್ಸ್ ಆಫ್ ರಾತ್' ಕತೆ. ಅಲ್ಲಿ ಓಕ್ಲಹೋಮಾದಿಂದ ಇಡೀ ಸಂಸಾರ ಲಾರಿ ಹತ್ತಿ ಬರುತ್ತೆ. ಇಲ್ಲಿರೋರು ಅವರಲ್ಲ. ಇವರು ಅದಕ್ಕೂ ಹಿಂದಿನ ತಲೆಮಾರಿನ ಒಂಟಿ ಗಂಡಸರು. ಬಾರ್ಲಿ ಕೊಯ್ಲಿಗೆ ಒಂದು ರ‍್ಯಾಂಚ್, ಅದು ಮುಗಿದ ಮೇಲೆ ಇನ್ನೊಂದು. ಸ್ಟೈನ್‌ಬೆಕ್ 1920ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಾ ಮಧ್ಯೆ ಮಧ್ಯೆ ಬಿಟ್ಟು, ಸ್ಪ್ರೆಕಲ್ಸ್ ಸಕ್ಕರೆ ಕಂಪನಿಯ ರ‍್ಯಾಂಚುಗಳಲ್ಲಿ ಇಂಥವರ ಜತೆ ದುಡಿದಿದ್ದ. ಲೆನ್ನಿಯಂಥ ಒಬ್ಬನ ಪಕ್ಕದಲ್ಲೇ ಕೆಲಸ ಮಾಡಿದ್ದೆ ಅಂತ 1937ರಲ್ಲಿ ಪತ್ರಿಕೆಯವರಿಗೆ ಹೇಳಿದ್ದಾನೆ.

ಕತೆ ನಡೆಯುವ ಜಾಗದ ಹತ್ತಿರದ ಊರಿನ ಹೆಸರು ನೋಡಿ, ಸೊಲೆಡಾಡ್. ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ ಒಂಟಿತನ. ಲೇಖಕ ಕಟ್ಟಿದ ಹೆಸರಲ್ಲ, ನಿಜವಾದ ಊರು.

ಬೇ ಏರಿಯಾ ಬಸವ

ನಿಜವಾದ ಊರೇ. 101 ಹೆದ್ದಾರಿಯಲ್ಲಿ ಸಾಲಿನಾಸ್ ದಾಟಿ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ಲಾಸ್ ಏಂಜಲಿಸ್‌ಗೆ ಹೋಗುವಾಗ ಎಷ್ಟೋ ಸಲ ದಾಟಿದ್ದೀನಿ. 1791ರಲ್ಲಿ ಸ್ಪೇನಿನ ಪಾದ್ರಿಗಳು ಕಟ್ಟಿದ ಮಿಷನ್‌ನಿಂದ ಬಂದ ಹೆಸರು. ಈಗ ಊರಿನ ದೊಡ್ಡ ಗುರುತು ಅಂದ್ರೆ ಜೈಲು.

ಒಮ್ಮೆ ಮಗಳಿಗೆ ವಾಂತಿ ಬಂತು ಅಂತ ಹೊಲದ ಪಕ್ಕ ಕಾರು ನಿಲ್ಲಿಸಿದ್ದೆ. ಲೆಟ್ಯೂಸ್ ಕೊಯ್ತಾ ಇದ್ದರು. ಬೆಳಿಗ್ಗೆ ಹತ್ತು ಗಂಟೆ. ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡಿದ್ದಾರೆ, ಕಣ್ಣು ಮಾತ್ರ ಕಾಣ್ತದೆ. ಯಂತ್ರ ಮುಂದೆ ಹೋಗ್ತಾ ಇರ್ತದೆ, ಇವರು ಅದರ ಹಿಂದೆ ಬಗ್ಗಿಕೊಂಡೇ ನಡೀತಾರೆ. ಒಬ್ಬ ಸೊಂಟ ನೆಟ್ಟಗೆ ಮಾಡಿ ನಮ್ಮ ಕಡೆ ನೋಡಿ ಕೈ ಬೀಸಿದ. ನನ್ನ ಮಗಳೂ ಬೀಸಿದಳು. ಅಷ್ಟರಲ್ಲಿ ಯಂತ್ರ ನಾಲ್ಕು ಹೆಜ್ಜೆ ಮುಂದೆ ಹೋಗಿತ್ತು, ಪಾಪ ಓಡಿದ. ಈಗ ಹೊಲದಲ್ಲಿರುವವರು ಹೆಚ್ಚಾಗಿ ಮೆಕ್ಸಿಕೋದವರು. ಜಾರ್ಜ್, ಲೆನ್ನಿ ಥರದ ಬಿಳಿ ಕೂಲಿಗಳನ್ನು ನಾನು ನೋಡಿಲ್ಲ.

ಕಾಫಿತೋಟದ ಹುಡುಗಿ

ಬಸವಣ್ಣ, ಮಗಳ ವಾಂತಿಯಿಂದ ಇಷ್ಟು ಒಳ್ಳೆ ವಿಷಯ ಸಿಕ್ಕಿತು ನೋಡಿ.

ತುಂಗಭದ್ರಾ ತೀರ

ಮೇಷ್ಟ್ರೇ, ಓದುತ್ತಾ ನಮ್ಮ ಕಡೆಯ ಗುಳೆ ನೆನಪಾತು. ನಾನು ರಾಯಚೂರು ಜಿಲ್ಲೆಯವ. ಮಳೆ ಕೈಕೊಟ್ಟರೆ ಬೆಂಗಳೂರು ಬಸ್ಸು ತುಂಬಿ ಹೋಗ್ತಾರೆ. ಆದರೆ ಒಂದು ವ್ಯತ್ಯಾಸ ಅದ. ನಮ್ಮವರು ಹೆಂಡತಿ, ಮಕ್ಕಳು, ಹಿಟ್ಟಿನ ಚೀಲ, ರೊಟ್ಟಿ ಹಂಚು ಸಮೇತ ಹೋಗ್ತಾರೆ. ಕಟ್ಟಡದ ಪಕ್ಕ ತಗಡಿನ ಶೆಡ್ಡು ಹಾಕಿ ಅಲ್ಲೇ ಅಡುಗೆ. ಕಷ್ಟ ಇದ್ದೇ ಇದೆ, ಆದರೆ ರಾತ್ರಿ ಜಗಳ ಆಡೋಕಾದರೂ ಒಬ್ಬರು ಇರ್ತಾರೆ. ಇವರಿಗೆ ಅದೂ ಇಲ್ಲ. ಆಳುಗಳ ಮನೆಯಲ್ಲಿ ಹಾಸಿಗೆ ಮೇಲ್ಗಡೆ ಗೋಡೆಗೆ ಹೊಡೆದ ಒಂದು ಸೇಬಿನ ಪೆಟ್ಟಿಗೆ. ಅದರೊಳಗೆ ಸೋಪು, ಕ್ಷೌರದ ಕತ್ತಿ, ಹಳೇ ಪತ್ರಿಕೆ. ಒಬ್ಬ ಗಂಡಸಿನ ಪೂರ್ತಿ ಸಂಸಾರ ಅದರಲ್ಲೇ ಮುಗೀತು.

ಇಂಗ್ಲಿಷ್ ಮೇಷ್ಟ್ರು

ಒಳ್ಳೆಯ ಮಾತು. ಅದಕ್ಕೇ ಅಲ್ಲಿ ಎಲ್ಲರಿಗೂ ಜಾರ್ಜ್, ಲೆನ್ನಿ ಜೋಡಿ ಮೇಲೆ ಅನುಮಾನ. ಬಾಸ್ ನೇರವಾಗಿ ಕೇಳ್ತಾನೆ, ಇವನ ಸಂಬಳ ನೀನು ಹೊಡ್ಕೊಳ್ತೀಯಾ ಅಂತ. ಇಬ್ಬರು ಗಂಡಸರು ಒಟ್ಟಿಗೆ ತಿರುಗುವುದೇ ಅಲ್ಲಿ ವಿಚಿತ್ರ. ಇನ್ನು ಜಾರ್ಜ್ ಕೈಯಲ್ಲಿ ಯಾವಾಗಲೂ ಇಸ್ಪೀಟು. ಆಡುವುದು ಒಬ್ಬನೇ ಆಡುವ ಆಟ. ನಾಲ್ಕು ಜನ ಇರುವ ಕೋಣೆಯಲ್ಲಿ!

ಮಳೆಗಾಲದ ಓದುಗ

ಇಸ್ಪೀಟು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಥ್ಯಾಂಕ್ಸ್ ಮೇಷ್ಟ್ರೇ.

ನನ್ನ ಅನುಮಾನ ಈಗ ಹೇಳಿಬಿಡ್ತೀನಿ. ಆ ಜಾಗದ ಕತೆಯನ್ನು ಜಾರ್ಜ್ ಲೆನ್ನಿಗೆ ನೂರು ಸಲ ಹೇಳಿರ್ತಾನೆ. ಲೆನ್ನಿಗೆ ಬಾಯಿಪಾಠ. ಮಲಗೋ ಮುಂಚೆ ಮಕ್ಕಳು ಅದೇ ಕತೆ ಮತ್ತೆ ಹೇಳು ಅಂತಾರಲ್ಲ, ಹಾಗೆ. ಕೊನೆಗೆ ಜಾರ್ಜೇ ಒಪ್ಪಿಕೊಳ್ತಾನೆ, ಆಗಲ್ಲ ಅಂತ ಮೊದಲಿನಿಂದ ಗೊತ್ತಿತ್ತು, ಇವನು ಅಷ್ಟು ಇಷ್ಟಪಟ್ಟು ಕೇಳ್ತಿದ್ದ, ಹೇಳ್ತಾ ಹೇಳ್ತಾ ನನಗೂ ಆಗಬಹುದು ಅನ್ನಿಸಿತು ಅಂತ. ಕೇಳುವವನು ಹೋದ. ಕತೆಯೂ ಹೋಯಿತು. 400 ಡಾಲರ್ ತಗೊಂಡು ಏನು ಮಾಡ್ತಾನೆ?

ಗಾಂಧಿಬಜಾರ್ ಗಿರಾಕಿ

ಇದು ಬರೀ ಭಾವುಕತೆ ಸ್ವಾಮಿ. ಜಾರ್ಜ್ ಈಗಷ್ಟೇ ಒಂದು ಹೆಣ ನೋಡಿದ್ದಾನೆ. ಗೆಳೆಯನನ್ನು ಹುಡುಕಿ ಕೊಲ್ಲೋಕೆ ಜನ ಹೊರಡ್ತಾರೆ ಅಂತ ಗೊತ್ತು. ಆ ಹೊತ್ತಿನಲ್ಲಿ ಜಮೀನು ಕೊಳ್ಳೋಣ ಅಂತ ಯಾರಾದರೂ ಒಪ್ತಾರಾ? ಆರು ತಿಂಗಳು ಕಳೀಲಿ. ಕ್ಯಾಂಡಿ ಮತ್ತೆ ಕೇಳಿದರೆ ಒಪ್ಪಬಹುದು. ಪುಸ್ತಕ ಅಲ್ಲಿಗೇ ನಿಂತಿದೆ ಅಷ್ಟೆ.

ಮಳೆಗಾಲದ ಓದುಗ

ಹ್ಮ್. ಇದಕ್ಕೆ ತಕ್ಷಣ ಉತ್ತರ ಇಲ್ಲ ನನ್ನ ಹತ್ತಿರ.

ಶಾರ್ಜಾ ಶೆಟ್ರು

ಮಾರಾಯ್ರೆ, ನಾನು 11 ವರ್ಷ ಗಲ್ಫಿನಲ್ಲಿ ಇದ್ದವ. ಒಂದು ರೂಮಿನಲ್ಲಿ ಆರು ಜನ, ಮೇಲೆ ಕೆಳಗೆ ಮಂಚ. ಸೇಬಿನ ಪೆಟ್ಟಿಗೆ ಬದಲು ಮಂಚದ ಕೆಳಗೆ ಸೂಟ್‌ಕೇಸು, ಅಷ್ಟೇ ವ್ಯತ್ಯಾಸ.

ನನ್ನ ಮೇಲಿನ ಮಂಚದಲ್ಲಿ ಉಡುಪಿ ಕಡೆಯವರೊಬ್ಬರು. ಗೋಡೆಗೆ ಮನೆಯ ಪ್ಲಾನ್ ಅಂಟಿಸಿದ್ದರು. ಬೇರೆಯವರು ಹೆಂಡತಿ ಮಕ್ಕಳ ಫೋಟೋ ಇಟ್ಟುಕೊಳ್ಳುವ ಜಾಗದಲ್ಲಿ ಇವರದು ಪ್ಲಾನ್. ಶುಕ್ರವಾರ ರಜೆ. ಮಧ್ಯಾಹ್ನ ಮೀನು ಸಾರು ಊಟ ಆದ ಮೇಲೆ ಪೆನ್ಸಿಲ್ ತಗೊಂಡು ಅದರ ಮೇಲೆ ಗೀಚುವುದು. ಇಲ್ಲೊಂದು ಬಚ್ಚಲು ದೊಡ್ಡದು ಮಾಡುವ, ಅಲ್ಲಿ ಬಾವಿ, ಹಿಂದೆ ಎರಡು ಹಲಸಿನ ಮರ ಹಾಗೇ ಉಳಿಸುವ. ನಾನು ಹೂಂ ಹೂಂ ಅನ್ನುವುದು. ನಿಜ ಹೇಳಬೇಕೆಂದರೆ ಅರ್ಧ ನಿದ್ದೆಯಲ್ಲಿ. ಅವರಿಗೆ ಅದು ಗೊತ್ತಿತ್ತು, ಆದರೂ ಹೇಳುತ್ತಿದ್ದರು.

ಆದರೆ ಓದುಗರೇ, ನಿಮ್ಮ ಲೆಕ್ಕ ತಪ್ಪುವುದು ಇಲ್ಲಿ. ಅವರು ಮನೆ ಕಟ್ಟಿಯೇ ಬಿಟ್ಟರು. ನಾನು ಗೃಹಪ್ರವೇಶಕ್ಕೂ ಹೋಗಿದ್ದೆ. ಹಲಸಿನ ಮರ ಎರಡೂ ಇದೆ. ಈಗ ಮನೆಗೆ ಬೀಗ, ಅವರು ಇನ್ನೂ ಅಲ್ಲೇ ಶಾರ್ಜಾದಲ್ಲಿ. ಸಾಲ ತೀರಬೇಕಲ್ಲ.

ಕಾಫಿತೋಟದ ಹುಡುಗಿ

ಶೆಟ್ರೇ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಬಾಳೆಕಾಯಿ ಬಜ್ಜಿ

ಮೀನು ಸಾರು ಯಾರು ಮಾಡ್ತಿದ್ದರು?

ಶಾರ್ಜಾ ಶೆಟ್ರು

ಸರದಿ ಪ್ರಕಾರ. ನನ್ನ ಸರದಿ ದಿನ ಎಲ್ಲರೂ ಹೋಟೆಲಿಗೆ ಹೋಗುತ್ತಿದ್ದರು.

ಅಕ್ಕರೆಯ ಅಕ್ಷರ

ಇಷ್ಟು ಹೊತ್ತಾದರೂ ಕ್ರುಕ್ಸ್ ಬಗ್ಗೆ ಯಾರೂ ಮಾತಾಡಿಲ್ಲ ಅನ್ನೋದು ಆಶ್ಚರ್ಯ. ರ‍್ಯಾಂಚಿನಲ್ಲಿ ಇರುವ ಒಬ್ಬನೇ ಕಪ್ಪು ಮನುಷ್ಯ. ಕುದುರೆ ಒದ್ದು ಬೆನ್ನು ಡೊಂಕಾಗಿದೆ. ಬಿಳಿಯರ ಆಳುಗಳ ಮನೆಗೆ ಅವನಿಗೆ ಪ್ರವೇಶ ಇಲ್ಲ. ಕುದುರೆ ಲಾಯಕ್ಕೆ ಅಂಟಿಕೊಂಡ, ಜೀನು ಸಾಮಾನು ಇಡುವ ಕೋಣೆಯಲ್ಲಿ ಒಬ್ಬನೇ. ಅವನ ಹತ್ತಿರ ಏನಿದೆ ನೋಡಿ: ಹರಿದ ಡಿಕ್ಷನರಿ, ಮತ್ತೆ 1905ರ ಕ್ಯಾಲಿಫೋರ್ನಿಯಾ ಸಿವಿಲ್ ಕಾನೂನು ಪುಸ್ತಕ. ಬಳಸಿ ಬಳಸಿ ಹಾಳಾದದ್ದು. ತನ್ನ ಹಕ್ಕು ಏನು ಅಂತ ಓದಿ ಇಟ್ಟುಕೊಂಡವನು ಅವನೊಬ್ಬನೇ.

ಅವನೇ ಹೇಳ್ತಾನೆ, ತಲೆಯಲ್ಲಿ ಒಂದು ತುಂಡು ಭೂಮಿ ಇಟ್ಟುಕೊಂಡು ಬಂದವರನ್ನು ನೂರಾರು ನೋಡಿದ್ದೀನಿ, ಒಬ್ಬನಿಗೂ ಸಿಕ್ಕಿಲ್ಲ ಅಂತ. ಐದು ನಿಮಿಷ ಆದ ಮೇಲೆ, ಕ್ಯಾಂಡಿಯ ದುಡ್ಡು ಬ್ಯಾಂಕಿನಲ್ಲಿದೆ ಅಂತ ಗೊತ್ತಾದಾಗ, ಅವನೇ ಮೆಲ್ಲಗೆ ಕೇಳ್ತಾನೆ, ಸಂಬಳ ಬೇಡ, ಊಟ ಹಾಕಿದರೆ ನಾನೂ ಬಂದು ಕೆಲಸ ಮಾಡ್ತೀನಿ ಅಂತ. ನನಗೆ ಇಡೀ ಪುಸ್ತಕದಲ್ಲಿ ಅದೇ ಹೆಚ್ಚು ಚುಚ್ಚಿದ್ದು. ಆಮೇಲೆ ಕರ್ಲಿಯ ಹೆಂಡತಿ ಬಂದು ಹೆದರಿಸ್ತಾಳೆ, ಬಾಯಿ ಬಿಟ್ಟರೆ ಮರಕ್ಕೆ ನೇತು ಹಾಕಿಸ್ತೀನಿ ಅಂತ. ಅವನು ಅಂದ ಮಾತನ್ನು ವಾಪಸ್ ತಗೊಳ್ತಾನೆ, ಸುಮ್ನೆ ತಮಾಷೆಗೆ ಅಂದೆ ಅಂತ.

ಕನಸನ್ನು ಮುರಿದದ್ದು ಯಾವುದು ಅಂತ ಕೇಳಿದಿರಿ. ಕ್ರುಕ್ಸ್ ವಿಷಯದಲ್ಲಿ ಉತ್ತರ ಸ್ಪಷ್ಟ ಅಲ್ವಾ? ಕೇಳುವವರು ಇಲ್ಲದೆ ಅಲ್ಲ. ಚರ್ಮದ ಬಣ್ಣ.

ಇಂಗ್ಲಿಷ್ ಮೇಷ್ಟ್ರು

ಮೇಡಂ, ಇದಕ್ಕೆ ಒಂದು ಸೇರಿಸ್ತೀನಿ. ಜಾರ್ಜ್ ಹೇಳುವ ಜಾಗ ಹತ್ತು ಎಕರೆ. ಕ್ರುಕ್ಸ್ ಚಿಕ್ಕವನಿದ್ದಾಗ ಅವನಪ್ಪನ ಕೋಳಿ ಫಾರಂ ಇತ್ತು. ಅದೂ ಸುಮಾರು ಹತ್ತು ಎಕರೆ. ಸ್ಟ್ರಾಬೆರಿ ಇತ್ತು, ಆಲ್ಫಾಲ್ಫಾ ಇತ್ತು. ಬಿಸಿಲು ಬಿದ್ದ ಬೆಳಿಗ್ಗೆ ಕೋಳಿಗಳನ್ನು ಅದರೊಳಗೆ ಬಿಡ್ತಿದ್ದರು ಅಂತ ನೆನಪಿಸಿಕೊಳ್ತಾನೆ. ಲೆನ್ನಿ ಮೊಲಕ್ಕೆ ಹಾಕ್ತೀನಿ ಅಂತ ಹಗಲಿರುಳು ಹೇಳುವುದೂ ಅದೇ ಆಲ್ಫಾಲ್ಫಾ. ಉಳಿದವರು ಕೇಳಿದ ಕತೆಯೊಳಗೆ ಇವನು ಬಾಲ್ಯ ಕಳೆದಿದ್ದಾನೆ. ಆದರೂ ಆ ಕಡೆ ಮೊದಲು ಕೈ ಚಾಚುವ ಧೈರ್ಯ ಅವನಿಗಿಲ್ಲ.

ತುಂಗಭದ್ರಾ ತೀರ

ಆಲ್ಫಾಲ್ಫಾ ಅಂದರೆ ಏನು?

ಹೈನು ಹನುಮಪ್ಪ

ನಮ್ಮ ಲೂಸರ್ನ್ ಸೊಪ್ಪು ರೀ. ಕುದುರೆ ಮೆಂತೆ ಅಂತಾರೆ ಕೆಲವು ಕಡೆ. ಹಸುವಿಗೆ ಒಳ್ಳೇದು, ಆದರೆ ಹಸಿದ ಹೊಟ್ಟೆಗೆ ಹಸಿಯಾಗಿ ಜಾಸ್ತಿ ಹಾಕಿದರೆ ಹೊಟ್ಟೆ ಉಬ್ಬರ. ಸ್ವಲ್ಪ ಬಾಡಿಸಿ ಒಣಮೇವಿನ ಜತೆ ಹಾಕಿ. ಒಮ್ಮೆ ಬಿತ್ತಿದರೆ ಮೂರ್ನಾಲ್ಕು ವರ್ಷ ಕೊಯ್ತಾ ಇರಬಹುದು.

ಗಾಂಧಿಬಜಾರ್ ಗಿರಾಕಿ

ಸಾಹಿತ್ಯ ವೇದಿಕೆ ಈಗ ಕೃಷಿ ದರ್ಶನ ಆಯ್ತು.

ಹೈನು ಹನುಮಪ್ಪ

ಆಲ್ಫಾಲ್ಫಾ ಬೆಳೆಯೋಕೆ ಜಾಗ, ಅದಕ್ಕೆ ಹಾಯಿಸೋಕೆ ಬೇಕಾದಷ್ಟು ನೀರು ಇದೆ ಅಂತ ಜಾರ್ಜ್ ಹೇಳಿದ್ದಾನಲ್ಲ, ಅಂದ್ರೆ ಆ ಜಾಗ ಒಳ್ಳೇದೇ. 600ಕ್ಕೆ ಬಿಟ್ಟಿದ್ದು ದೊಡ್ಡ ತಪ್ಪು.

ಬೇ ಏರಿಯಾ ಬಸವ

ಬಣ್ಣದ ಮಾತು ಬಂತು, ಅದಕ್ಕೆ ಹೇಳ್ತೀನಿ. ಕ್ಯಾಲಿಫೋರ್ನಿಯಾ ಹೊಲಗಳಲ್ಲಿ ಆಗ ನಮ್ಮ ದೇಶದವರೂ ಇದ್ದರು, ಮುಖ್ಯವಾಗಿ ಪಂಜಾಬಿಗಳು. ಸ್ಟಾಕ್‌ಟನ್ ಗುರುದ್ವಾರ ಶುರುವಾಗಿದ್ದು 1912ರಲ್ಲಿ. ಅವರಿಗಂತೂ ದುಡ್ಡಿದ್ದರೂ ಜಾಗ ಸಿಗ್ತಿರಲಿಲ್ಲ. ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಕೊಳ್ಳುವ ಹಾಗಿಲ್ಲ ಅಂತ 1913ರಲ್ಲೇ ಕಾನೂನು. ಭಾರತದವರು ಪೌರತ್ವಕ್ಕೆ ಅರ್ಹರಲ್ಲ ಅಂತ 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಊರಿಂದ ಹೆಂಡತಿ ಕರೆಸೋಕೂ ಆಗದು. ಎಷ್ಟೋ ಜನ ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಜಮೀನು ಅಲ್ಲೇ ಹುಟ್ಟಿದ ಮಕ್ಕಳ ಹೆಸರಲ್ಲೋ, ನಂಬಿಕಸ್ತ ಬಿಳಿಯರ ಹೆಸರಲ್ಲೋ. ನಂಬಿದವ ಕೈಕೊಟ್ಟರೆ ಕೇಳೋ ಹಾಗೂ ಇಲ್ಲ. ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಹತ್ತು ವರ್ಷದ ಮೇಲೆ, 1956ರಲ್ಲಿ, ಇಂಪೀರಿಯಲ್ ಕಣಿವೆಯ ರೈತ ದಲೀಪ್ ಸಿಂಗ್ ಸೌಂಧ್ ಅಮೆರಿಕದ ಕಾಂಗ್ರೆಸ್‌ಗೇ ಆಯ್ಕೆಯಾದ.

ಸ್ಟೈನ್‌ಬೆಕ್‌ನ ರ‍್ಯಾಂಚಿನಲ್ಲಿ ಇವರು ಯಾರೂ ಇಲ್ಲ. ಫಿಲಿಪಿನೋಗಳಿಲ್ಲ, ಮೆಕ್ಸಿಕನ್ನರಿಲ್ಲ. ಅದೇ ಸಾಲಿನಾಸ್‌ನಲ್ಲಿ 1934ರಲ್ಲಿ ಫಿಲಿಪಿನೋ ಲೆಟ್ಯೂಸ್ ಕೂಲಿಗಳು ಮುಷ್ಕರ ಹೂಡಿದ್ದರು.

ಅಕ್ಕರೆಯ ಅಕ್ಷರ

ಇದು ಮುಖ್ಯವಾದ ಮಾತು. ಒಂಟಿತನದ ಬಗ್ಗೆ ಬರೆದ ಪುಸ್ತಕದಿಂದಲೇ ಹೊರಗುಳಿದವರು.

ಇಂಗ್ಲಿಷ್ ಮೇಷ್ಟ್ರು

ನೂರು ಪುಟದ ಪುಸ್ತಕದಲ್ಲಿ ಎಲ್ಲರನ್ನೂ ತುಂಬೋಕೆ ಆಗಲ್ಲ ಮೇಡಂ. ಅದನ್ನು ನಾಟಕದ ಥರ ಕಟ್ಟಿದ್ದಾನೆ, ಜಾಗ ಮೂರ್ನಾಲ್ಕು, ಜನ ಹತ್ತು. ಪುಸ್ತಕ ಬಂದ ವರ್ಷವೇ ನವೆಂಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ನಾಟಕವೂ ಆಯ್ತು.

ಅಕ್ಕರೆಯ ಅಕ್ಷರ

ಹತ್ತು ಜನರಲ್ಲಿ ಒಬ್ಬಳೇ ಹೆಂಗಸು, ಅವಳಿಗೊಂದು ಹೆಸರೂ ಕೊಟ್ಟಿಲ್ಲ. ಕರ್ಲಿಯ ಹೆಂಡತಿ, ಅಷ್ಟೇ. ಹೆಸರಿಗೆ ಎಷ್ಟು ಪುಟ ಬೇಕಿತ್ತು?

ಗಾಂಧಿಬಜಾರ್ ಗಿರಾಕಿ

ಅವಳೇ ಎಲ್ಲ ಹಾಳು ಮಾಡಿದ್ದು ತಾನೇ?

ಕಾಫಿತೋಟದ ಹುಡುಗಿ

ಎಲ್ಲಿಂದ ಬರ್ತೀರಪ್ಪ ನೀವೆಲ್ಲ! ಅವಳನ್ನು ಸಿನಿಮಾಕ್ಕೆ ಸೇರಿಸ್ತೀನಿ, ಹಾಲಿವುಡ್‌ನಿಂದ ಕಾಗದ ಬರೀತೀನಿ ಅಂತ ಒಬ್ಬ ಹೇಳಿ ಹೋಗಿದ್ದ. ಕಾಗದ ಬರಲೇ ಇಲ್ಲ. ಅಮ್ಮನೇ ಕದ್ದಿಟ್ಟಿದ್ದಾಳೆ ಅಂತ ಅವಳು ಇವತ್ತಿಗೂ ನಂಬಿದ್ದಾಳೆ. ಆ ಸಿಟ್ಟಿನಲ್ಲಿ ಕರ್ಲಿಯನ್ನು ಕಟ್ಟಿಕೊಂಡಳು. ಇಡೀ ರ‍್ಯಾಂಚಿನಲ್ಲಿ ಮಾತಾಡೋಕೆ ಇನ್ನೊಬ್ಬ ಹೆಂಗಸು ಇಲ್ಲ. ಗಂಡಸರ ಹತ್ತಿರ ಹೋದರೆ ಹಾದರಗಿತ್ತಿ ಅಂತಾರೆ. ಅವಳ ಪಾತ್ರ ಮಾಡಿದ ನಟಿ ಕ್ಲೇರ್ ಲೂಸ್‌ಗೆ ಸ್ಟೈನ್‌ಬೆಕ್ಕೇ ಕಾಗದ ಬರೆದು, ಅವಳು ಕೆಟ್ಟವಳಲ್ಲ, ಒಳಗೆ ಒಳ್ಳೆಯವಳು ಅಂತ ಬಿಡಿಸಿ ಹೇಳಬೇಕಾಯ್ತು.

ಓದುಗರೇ, ನೀವು ಹೇಳಿದ 'ಕೇಳುವವನು' ಮಾತಿಗೆ ಇದು ಕೂಡುತ್ತೆ ನೋಡಿ. ಕೊಟ್ಟಿಗೆಯಲ್ಲಿ ಅವಳು ಇದನ್ನೆಲ್ಲ ಲೆನ್ನಿಗೇ ಹೇಳುವುದು. ಕ್ರುಕ್ಸ್ ಮನಸ್ಸು ಬಿಚ್ಚುವುದೂ ಲೆನ್ನಿ ಹತ್ತಿರ. ಲೆನ್ನಿಗೆ ಒಂದಕ್ಷರ ತಲೆಗೆ ಹೋಗ್ತಿಲ್ಲ. ಅವನ ತಲೆಯಲ್ಲಿ ಇರೋದು ಮೊಲ ಮಾತ್ರ. ಶೆಟ್ರು ನಿದ್ದೆಗಣ್ಣಲ್ಲಿ ಹೂಂ ಅಂದ ಹಾಗೆ.

ಶಾರ್ಜಾ ಶೆಟ್ರು

ನನ್ನನ್ನು ಲೆನ್ನಿ ಮಾಡಿದಿರಾ! ತೂಕದಲ್ಲಿ ಸರಿ ಹೋಗ್ತದೆ ಬಿಡಿ.

ಮಳೆಗಾಲದ ಓದುಗ

ಇದನ್ನು ನಾನು ಯೋಚಿಸಿರಲೇ ಇಲ್ಲ. ಎಲ್ಲರೂ ಅವನ ಹತ್ತಿರವೇ ಬರ್ತಾರೆ, ನಿಜ.

ಗಾಂಧಿಬಜಾರ್ ಗಿರಾಕಿ

ಸರಿ, ಹಾದಿ ತಪ್ಪಿಸುವ ಸರದಿ ನನ್ನದು. ಈ ಪುಸ್ತಕದ ಹಸ್ತಪ್ರತಿಯ ಅರ್ಧದಷ್ಟನ್ನು ಸ್ಟೈನ್‌ಬೆಕ್‌ನ ನಾಯಿಮರಿ ಹರಿದು ಹಾಕಿತ್ತು, 1936ರಲ್ಲಿ. ಹೆಸರು ಟೋಬಿ. ಎರಡು ತಿಂಗಳ ಕೆಲಸ ಹೋಯ್ತು. ನಾಯಿ ವಿಮರ್ಶೆ ಮಾಡಿರಬಹುದು ಅನ್ನುವ ಅರ್ಥದಲ್ಲಿ ಕಾಗದ ಬರೆದು ಸುಮ್ಮನಾದ.

ಹೈನು ಹನುಮಪ್ಪ

ಅದಕ್ಕೇ ಇರಬೇಕು ಕತೆಯಲ್ಲಿ ಕ್ಯಾಂಡಿಯ ನಾಯಿಯನ್ನು ಕೊಲ್ಲಿಸಿದ್ದು.

ಬಾಳೆಕಾಯಿ ಬಜ್ಜಿ

ನಾಯಿಯೂ ಸಾಯುತ್ತಾ??? ಹೇಳಬೇಡಿ ಅಂದೆನಲ್ಲ!

ಕಾಫಿತೋಟದ ಹುಡುಗಿ

ನನ್ನದೊಂದು ಹೇಳಿ ಮಲಗ್ತೀನಿ. ನಾನು ಬೆಳೆದದ್ದು ಚಿಕ್ಕಮಗಳೂರು ಕಡೆಯ ಒಂದು ಎಸ್ಟೇಟಿನಲ್ಲಿ. ಅಪ್ಪ ಅಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯುವವರು. ಕೂಲಿಗಳ ಲೈನ್ ಮನೆಯ ಕೊನೇ ಕೋಣೆಯಲ್ಲಿ ಒಬ್ಬ ಅಜ್ಜ ಇದ್ದ, ಒಂಟಿ. ಎಲ್ಲಿಯವನೋ ಸರಿಯಾಗಿ ಯಾರಿಗೂ ಗೊತ್ತಿಲ್ಲ. ಬಟವಾಡೆ ದಿನ ದುಡ್ಡು ಇಸಕೊಂಡು ಅಪ್ಪನ ಹತ್ತಿರವೇ ಸ್ವಲ್ಪ ವಾಪಸ್ ಕೊಟ್ಟು, ಬರ್ಕೊಳ್ಳಿ ಅನ್ನುತ್ತಿದ್ದ. ಊರಿಗೆ ಹೋಗಿ ಎರಡು ಆಡು ತಗೊಳ್ತೀನಿ ಅಂತ. ಅಪ್ಪ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಹತ್ತಾರು ಆಡು ತಗೊಳ್ಳುವಷ್ಟು ಆದ ಮೇಲೂ ಅವನು ಹೋಗಲಿಲ್ಲ. ಅಪ್ಪ ಕೇಳಿದರೆ ಮುಂದಿನ ವರ್ಷ ಅನ್ನುತ್ತಿದ್ದ. ತಿಂಗಳಿಗೊಮ್ಮೆ ಜಗಲಿ ಮೇಲೆ ಕೂತು, ಎಷ್ಟಾಯ್ತು ಓದಿ ಸ್ವಾಮಿ ಅಂತ ಕೇಳೋನು. ಅಪ್ಪ ಓದೋರು. ಅವನು ಬೀಡಿ ಸೇದುತ್ತಾ ತಲೆ ಆಡಿಸೋನು.

ಅಪ್ಪ ಆ ಎಸ್ಟೇಟು ಬಿಡುವಾಗ ಲೆಕ್ಕ ಪೂರ್ತಿ ಕೊಟ್ಟು ಬಂದರು. ಆ ದುಡ್ಡು ಏನಾಯ್ತೋ. ಅಪ್ಪ ಈಗಲೂ ಆಗಾಗ ಹೇಳ್ತಾರೆ, ನೋಟ್‌ಬುಕ್ಕನ್ನೂ ಅವನಿಗೇ ಕೊಟ್ಟು ಬರಬೇಕಿತ್ತು ಅಂತ.

ಗಾಂಧಿಬಜಾರ್ ಗಿರಾಕಿ

ಸರಿ ಓದುಗರೇ, ಆರು ತಿಂಗಳು ಅಂದಿದ್ದೆನಲ್ಲ. ಅದರಲ್ಲಿ ಮೂರು ತಿಂಗಳು ವಾಪಸ್ ತಗೊಂಡೆ.

ಬಾಳೆಕಾಯಿ ಬಜ್ಜಿ (ಮೂರು ದಿನದ ನಂತರ)

ಓದಿ ಮುಗಿಸಿದೆ. ಒಂದೇ ರಾತ್ರಿಗೆ. ನೀವೆಲ್ಲ ಇಷ್ಟು ಬರೆದಿದ್ದೀರಿ, ಲೆಕ್ಕ, ಕಾನೂನು, ಸೊಪ್ಪು, ನಾಯಿ. ಎಲ್ಲರೂ ಲೆನ್ನಿಯನ್ನು ಹುಡುಕೋಕೆ ಹೊರಟ ಮೇಲೆ ಆ ಮುದುಕ ಕ್ಯಾಂಡಿ ಒಬ್ಬನೇ ಹೆಣದ ಪಕ್ಕ ಹುಲ್ಲಿನ ಮೇಲೆ ಮಲಗಿ ಕಣ್ಣಿಗೆ ತೋಳು ಅಡ್ಡ ಇಟ್ಟುಕೊಳ್ಳೋದನ್ನು ಒಬ್ಬರೂ ಹೇಳಲಿಲ್ಲವಲ್ಲ?

ಇಂಗ್ಲಿಷ್ ಮೇಷ್ಟ್ರು

ಹೇಳಿದ್ದರೆ ಮತ್ತೆ ಬೈತಿದ್ರಿ.